ಕೂಡಿಸುವ ಕೈಗಳು

ಇಳಕಲ್ಲಿನ ಸೀರೆಯನ್ನು ಉಟ್ಟವರು ನಮ್ಮ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ. ಅದನ್ನು ನೇಯುವಾಗ ಮಗ್ಗದ ಹತ್ತಿರ ಕುಳಿತು ನೋಡಿದವರು ಅಷ್ಟು ಮಂದಿ ಇರಲಾರರು. ಆ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿಯ ನೂಲಿದ್ದರೂ ಸೆರಗಿಗೆ ಕೆಂಪು ರೇಶಿಮೆ ಬರುತ್ತದೆ. ಎರಡೂ ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ಅದು ಒಂದು ಸೀರೆ. ತೋಪು ತೆನಿ ಸೆರಗು ಎಂದು ಹೆಸರಾದ ಆ ಸೆರಗಿನ ಗುಟ್ಟು ಈ ಕೂಡಿಕೆಯಲ್ಲಿದೆ. ನೂಲು ಚೊಕ್ಕವಿದ್ದು, ಬಣ್ಣ ಚೊಕ್ಕವಿದ್ದು, ಕೂಡಿಸುವ ಕೈ ಮಾತ್ರ ಎಳೆಯನ್ನು ಅತ್ತಿತ್ತ ಹಿಡಿದರೆ ಸೆರಗು ಕೆಟ್ಟಿತೆಂದೇ ಲೆಕ್ಕ.

ಇದನ್ನು ನನಗೆ ತೋರಿಸಿಕೊಟ್ಟವನು ಇಳಕಲ್ಲಿನಲ್ಲಿ ಮಗ್ಗ ಹಾಕಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ. ಹುನಗುಂದದ ಶಾಲೆಯಲ್ಲಿ ನನ್ನ ಹತ್ತಿರ ಸಂಧಿ, ಸಮಾಸ ಕಲಿತವನು. ಸೋದರತ್ತೆಯ ಮಗಳನ್ನು ಮದುವೆಯಾಗಿದ್ದಾನೆ. ಅವರಿಗೆ ಆರು ವರ್ಷದ ಮಗಳು. ಮೂರು ವಾರಕ್ಕೊಮ್ಮೆ ಆ ಕೂಸನ್ನು ಬಾಗಲಕೋಟೆಗೆ ಕರೆದೊಯ್ದು ರಕ್ತ ಹಾಕಿಸಿಕೊಂಡು ಬರುತ್ತಾರೆ. ರೋಗದ ಹೆಸರು ಥಲಸ್ಸೀಮಿಯಾ. ಒಂದು ದಿನ ಅವನು ಪರೀಕ್ಷೆಯ ಚೀಟಿಯನ್ನು ನನ್ನ ಮುಂದೆ ಹಿಡಿದ. ಅದರಲ್ಲಿ ಒಂದು ಸಾಲು: ಐ.ವಿ.ಎಸ್. ಒಂದು, ಐದನೆಯ ಸ್ಥಾನ, ಜಿ ಇರಬೇಕಾದಲ್ಲಿ ಸಿ. “ನೀವು ಅಕ್ಷರ ಬಲ್ಲವರು ಗುರುಗಳ, ಇದು ಯಾವ ಅಕ್ಷರ ಹೇಳ್ರಿ” ಎಂದ. ಒಳಗಿನಿಂದ ಅವನ ತಾಯಿ, “ಎಲ್ಲಾ ಸೊಸಿ ಕಡಿಂದ ಬಂದದ್ದು, ಮತ್ತೇನ” ಎಂದಳು. ಸೊಸೆ ಅಲ್ಲಿಯೇ ಕಂಡಿಕೆ ಸುತ್ತುತ್ತಿದ್ದಳು, ತಲೆಯೆತ್ತಲಿಲ್ಲ.

ನಾನು ಪಂಡಿತ ಪರೀಕ್ಷೆ ಮಾಡಿದವನು, ಜೀವಶಾಸ್ತ್ರ ಓದಿದವನಲ್ಲ. ಆದರೂ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರ ಬೆನ್ನು ಹತ್ತಿ, ಅವರು ಕೊಟ್ಟ ಪುಸ್ತಕಗಳನ್ನು ಎಡವುತ್ತ ಓದಿ, ಆ ಒಂದು ಸಾಲಿನ ಚರಿತ್ರೆಯನ್ನು ತಿಳಿದುಕೊಂಡೆ. ಅದು ಅರ್ಧ ಶತಮಾನದ ಈಚಿನ ಚರಿತ್ರೆ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿಯು ಕೋಟೆ ಕಟ್ಟಿಸಿದುದನ್ನು ಸಾರುವ ಶಾಸನವೊಂದಿದೆ. ಶಕವರ್ಷ 465, ಎಂದರೆ ಕ್ರಿ.ಶ. 543. ಆ ಬಂಡೆಯನ್ನು ಯಾರೂ ಹೊತ್ತು ತರಲಾರರು. ಶಾಸನ ಓದುವವರು ತೊಯ್ಸಿದ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ಬಡಿದು, ಪಡಿಯಚ್ಚು ತೆಗೆದುಕೊಂಡು ಬರುತ್ತಾರೆ; ಓದುವುದೆಲ್ಲ ಆ ಅಚ್ಚನ್ನು. ನಮ್ಮ ಜೀವಕೋಶದಲ್ಲಿಯೂ ವ್ಯವಸ್ಥೆ ಹೀಗೆಯೇ ಇದೆ. ಡಿ.ಎನ್.ಎ. ಎಂಬ ಮೂಲಬರಹ ಕೋಶದ ನಡುವಿನ ಬೀಜಕೇಂದ್ರವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದ ಬರೆದ ಸುಮಾರು 300 ಕೋಟಿ ಅಕ್ಷರಗಳ ಬರಹವಿದೆ. ಬೇಕಾದ ಒಂದು ಭಾಗಕ್ಕೆ, ಎಂದರೆ ಒಂದು ವಂಶವಾಹಿಗೆ, ಆರ್.ಎನ್.ಎ. ಎಂಬ ಪಡಿಯಚ್ಚು ತೆಗೆಯಲಾಗುತ್ತದೆ. ಆ ಅಚ್ಚು ಹೊರಗೆ ಬಂದು, ಅದನ್ನು ಓದಿ ಪ್ರೋಟೀನು ಕಟ್ಟಲ್ಪಡುತ್ತದೆ. ಮೂರು ಮೂರು ಅಕ್ಷರಗಳನ್ನು ಒಂದೊಂದು ಪದದಂತೆ ಓದುವ ಈ ಲಿಪಿಯನ್ನು ಬಿಡಿಸಿದವರಲ್ಲಿ ನಮ್ಮ ಹರಗೋಬಿಂದ ಖೊರಾನಾ ಒಬ್ಬರು; 1968ರಲ್ಲಿ ಅವರಿಗೆ ನೋಬೆಲ್ ಪಾರಿತೋಷಕ ಬಂದಿತು.

ಲಿಪಿ ತಿಳಿದ ಮೇಲೆ ಇನ್ನೇನು ಉಳಿಯಿತು ಎಂದೇ ಶಾಸ್ತ್ರಜ್ಞರು ಭಾವಿಸಿದ್ದರು. ಬ್ಯಾಕ್ಟೀರಿಯಾಗಳಲ್ಲಿ ನೋಡಿದರೆ ವಂಶವಾಹಿ ಮೊದಲಿನಿಂದ ಕೊನೆಯ ತನಕ ಎಡೆಬಿಡದ ಬರಹ. ಮನುಷ್ಯನಲ್ಲಿಯೂ ಹಾಗೆಯೇ ಇರಬೇಕು ಎಂದುಕೊಂಡರು. ಒಂದು ತೊಡಕು ಮಾತ್ರ ಕಾಡುತ್ತಿತ್ತು. ಬೀಜಕೇಂದ್ರದೊಳಗೆ ಸಿಗುವ ಆರ್.ಎನ್.ಎ. ಪ್ರತಿಗಳು ಬಲು ಉದ್ದ. ಹೊರಗೆ ಬಂದವು ಗಿಡ್ಡ. ತುದಿ ಕತ್ತರಿಸಿ ಹೋಗಿರಬಹುದು ಎನ್ನೋಣವೆಂದರೆ, ಉದ್ದನೆಯ ಪ್ರತಿಗೆ ತಲೆಯಲ್ಲೊಂದು ಟೊಪ್ಪಿಗೆ, ಬಾಲದಲ್ಲಿ ಎ ಅಕ್ಷರಗಳದೇ ಒಂದು ಸಾಲು ಇರುವುದನ್ನು ಅಷ್ಟರಲ್ಲಿ ಕಂಡುಹಿಡಿದಿದ್ದರು. ಗಿಡ್ಡನೆಯ ಪ್ರತಿಗೂ ಅದೇ ಟೊಪ್ಪಿಗೆ, ಅದೇ ಬಾಲ. ತಲೆಯೂ ಉಳಿಯಿತು, ಬಾಲವೂ ಉಳಿಯಿತು, ಮೈ ಮಾತ್ರ ಹೇಗೆ ಕುಗ್ಗಿತು?

ಉತ್ತರ ಬಂದದ್ದು 1977ರಲ್ಲಿ, ನೆಗಡಿ ತರುವ ಅಡಿನೋವೈರಸ್ ಎಂಬ ಒಂದು ವಿಷಾಣುವಿನಿಂದ. ಅಮೇರಿಕದಲ್ಲಿ ಎರಡು ತಂಡಗಳು ಒಂದೇ ಕಾಲಕ್ಕೆ ಇದನ್ನು ಕಂಡವು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫಿಲಿಪ್ ಶಾರ್ಪ್, ಅವರೊಡನೆ ಸೂಸನ್ ಬರ್ಜೆಟ್ ಮತ್ತು ಕ್ಲೇರ್ ಮೂರ್. ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ರಿಚರ್ಡ್ ರಾಬರ್ಟ್ಸ್, ಅವರೊಡನೆ ಲೂಯಿಸ್ ಚೌ, ಥಾಮಸ್ ಬ್ರೋಕರ್, ರಿಚರ್ಡ್ ಗೆಲಿನಾಸ್. ಹೊರಗೆ ಬಂದ ಆರ್.ಎನ್.ಎ. ಪ್ರತಿಯನ್ನು ಮೂಲ ಡಿ.ಎನ್.ಎ.ಯ ಪಕ್ಕದಲ್ಲಿ ಜೋಡಿಸಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದರು. ಮೂಲದಲ್ಲಿದ್ದು ಪ್ರತಿಯಲ್ಲಿಲ್ಲದ ಭಾಗಗಳು ಜೊತೆ ಸಿಗದೆ ಹೊರಗೆ ಸಡಿಲಾಗಿ ಸುರುಳಿಗಟ್ಟಿಕೊಂಡಿದ್ದವು! ಎಂದರೆ ಮೂಲಬರಹವೇ ತುಂಡುತುಂಡಾಗಿದೆ. ನಡುನಡುವೆ ಅರ್ಥಕ್ಕೆ ಸೇರದ ಭಾಗಗಳಿವೆ. ಅವನ್ನು ಕತ್ತರಿಸಿ ತೆಗೆದು, ಅರ್ಥವುಳ್ಳ ತುಂಡುಗಳನ್ನು ಕೂಡಿಸಿದ ಮೇಲೆಯೇ ಪ್ರತಿ ಹೊರಗೆ ಹೋಗುತ್ತದೆ. ಕೋಲ್ಡ್ ಸ್ಪ್ರಿಂಗ್ ಹಾರ್ಬರಿನವರಿಗೆ ಎಷ್ಟು ಬೆರಗಾಯಿತೆಂದರೆ ತಮ್ಮ ಶಾಸ್ತ್ರೀಯ ಲೇಖನದ ತಲೆಬರಹದಲ್ಲಿಯೇ ಅಚ್ಚರಿಯ ವಿಶೇಷಣವೊಂದನ್ನು ಸೇರಿಸಿಬಿಟ್ಟರು.

1993ರ ನೋಬೆಲ್ ಪಾರಿತೋಷಕ ರಾಬರ್ಟ್ಸ್ ಮತ್ತು ಶಾರ್ಪ್ ಇಬ್ಬರಿಗೆ ಬಂದಿತು. ಸೂಕ್ಷ್ಮದರ್ಶಕದ ಮುಂದೆ ಕುಳಿತು ಆ ಸುರುಳಿಗಳನ್ನು ಕಂಡವರಲ್ಲಿ ಮುಖ್ಯಳಾದ ಲೂಯಿಸ್ ಚೌ ಹೆಸರು ಅದರಲ್ಲಿ ಸೇರಲಿಲ್ಲ. ಆ ಪಾರಿತೋಷಕವನ್ನು ಮೂವರಿಗೆ ಹಂಚಲು ಅವಕಾಶವಿದೆ, ಇಬ್ಬರಿಗೇ ಹಂಚಿದರು. ಸೆರಗು ಕೂಡಿಸಿದ ಹೆಣ್ಣುಮಗಳ ಹೆಸರು ಸೀರೆಯ ಮೇಲೆ ಇರುವುದಿಲ್ಲವಷ್ಟೆ.

ಕತ್ತರಿಸಿ ಹೋಗುವ ಭಾಗಕ್ಕೆ ಇಂಟ್ರಾನ್, ಉಳಿಯುವ ಭಾಗಕ್ಕೆ ಎಕ್ಸಾನ್ ಎಂದು 1978ರಲ್ಲಿ ವಾಲ್ಟರ್ ಗಿಲ್ಬರ್ಟ್ ಹೆಸರಿಟ್ಟರು. ಈ ಕತ್ತರಿಸಿ ಕೂಡಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಸ್ಪ್ಲೈಸಿಂಗ್ ಎನ್ನುತ್ತಾರೆ. ಹಗ್ಗದ ಎರಡು ತುದಿಗಳನ್ನು ಗಂಟಿಲ್ಲದೆ ಎಳೆಗೆ ಎಳೆ ಹೆಣೆದು ಕೂಡಿಸುವ ಹಡಗಿನವರ ಮಾತು ಅದು. ನಾವು ಕೂಡಿಕೆ ಎನ್ನೋಣ. ಇಂಟ್ರಾನು ಬಹುತೇಕ ಎಲ್ಲ ಕಡೆಯಲ್ಲೂ ಜಿ, ಟಿ ಎಂಬ ಅಕ್ಷರಗಳಿಂದ ಮೊದಲಾಗಿ ಎ, ಜಿ ಎಂಬವುಗಳಲ್ಲಿ ಮುಗಿಯುತ್ತದೆ. ಇಲ್ಲಿ ಕತ್ತರಿಸು, ಇಲ್ಲಿಗೆ ಕೂಡಿಸು ಎಂಬ ಗುರುತುಗಳು ಇಂಟ್ರಾನಿನ ಮೈಮೇಲೆಯೇ ಇವೆ. ವ್ಯಾಕರಣ ಓದಿದವರಿಗೆ ಇದು ತೀರ ಹೊಸತೆನಿಸದು. ಪಾಣಿನಿಯು ಧಾತುಗಳಿಗೂ ಪ್ರತ್ಯಯಗಳಿಗೂ ಅನುಬಂಧವೆಂಬ ಅಕ್ಷರಗಳನ್ನು ಅಂಟಿಸುತ್ತಾನೆ. ಯಾವ ಕಾರ್ಯ ನಡೆಯಬೇಕೆಂಬುದನ್ನು ಅವು ಸೂಚಿಸುತ್ತವೆ. ತಾವು ಲೋಪವಾಗಿ ಹೋಗುತ್ತವೆ. ಸಿದ್ಧವಾದ ಪದದಲ್ಲಿ ಅವುಗಳ ಸುಳಿವೂ ಇರುವುದಿಲ್ಲ. ಹಾಗೆಂದು ಅನುಬಂಧವನ್ನು ತಪ್ಪಾಗಿ ಬರೆದರೆ ಪದವೇ ತಪ್ಪಾಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಆ ಚೀಟಿಯ ಸಾಲಿಗೆ ಇದೇ ಕೀಲಿಕೈ.

ಗುರುತೇನೋ ಇದೆ. ಗುರುತನ್ನು ಓದಿ ಕೂಡಿಸುವ ಕೈ ಯಾವುದು? ಇದರ ಸುಳಿವು ಸಿಕ್ಕಿದ್ದು ರೋಗಿಗಳ ರಕ್ತದಲ್ಲಿ. ಲೂಪಸ್ ಎಂಬ ಒಂದು ರೋಗದಲ್ಲಿ ದೇಹದ ಕಾವಲು ಪಡೆ ತನ್ನ ಕೋಶಗಳ ಮೇಲೆಯೇ ತಿರುಗಿ ಬೀಳುತ್ತದೆ. ಯೇಲ್ ವಿಶ್ವವಿದ್ಯಾಲಯದ ಜೋನ್ ಸ್ಟೈಟ್ಸ್ ಮತ್ತು ಅವರ ವಿದ್ಯಾರ್ಥಿ ಮೈಕೇಲ್ ಲರ್ನರ್, ಇಂಥ ರೋಗಿಗಳ ರಕ್ತದಲ್ಲಿಯ ಪ್ರತಿಕಾಯಗಳು ಬೀಜಕೇಂದ್ರದೊಳಗಿನ ಕೆಲವು ಪುಟ್ಟ ಆರ್.ಎನ್.ಎ.ಗಳನ್ನು, ಅವುಗಳಿಗೆ ಅಂಟಿದ ಪ್ರೋಟೀನುಗಳ ಸಹಿತ ಹಿಡಿಯುತ್ತವೆ ಎಂಬುದನ್ನು 1979ರಲ್ಲಿ ತೋರಿಸಿದರು. ಅವುಗಳಲ್ಲಿ ಯು-ಒಂದು ಎಂಬುದರ ತಲೆಯ ಅಕ್ಷರಗಳನ್ನು ನೋಡಿದರೆ, ಇಂಟ್ರಾನಿನ ಮೊದಲ ಅಕ್ಷರಗಳಿಗೆ ಬೀಗಕ್ಕೆ ಕೀಲಿ ಕೂಡುವಂತೆ ಕೂಡುತ್ತಿದ್ದವು. ಕೂಡಿಕೆಯ ಮೊದಲ ಕೈ ಇದೇ ಇರಬಹುದೆಂದು 1980ರಲ್ಲಿ ಊಹಿಸಿದರು, ಊಹೆ ನಿಜವಾಯಿತು. ಇಂಥ ಪುಟ್ಟ ಆರ್.ಎನ್.ಎ.ಗಳು ಐದು, ಅವುಗಳ ಸುತ್ತ ನೂರಕ್ಕೂ ಹೆಚ್ಚು ಪ್ರೋಟೀನುಗಳು. ಎಲ್ಲ ಸೇರಿ ಮಗ್ಗದಂಥ ಒಂದು ಯಂತ್ರ. ಅದಕ್ಕೆ ಸ್ಪ್ಲೈಸಿಯೋಸೋಮ್ ಎಂದು ಹೆಸರು. ಅದರ ಕೆಲಸ ಎರಡು ಹೆಜ್ಜೆಯದು. ಮೊದಲು ಇಂಟ್ರಾನಿನ ಎಡತುದಿಯನ್ನು ಕತ್ತರಿಸಿ, ಅದನ್ನು ಇಂಟ್ರಾನಿನ ಒಳಗಿನ ಒಂದು ಅಕ್ಷರಕ್ಕೆ ಕುಣಿಕೆಯಂತೆ ಬಿಗಿಯುವುದು. ಆಮೇಲೆ ಬಲತುದಿಯನ್ನು ಕತ್ತರಿಸಿ ಎಕ್ಸಾನುಗಳನ್ನು ಕೂಡಿಸುವುದು. ಈ ಕುಣಿಕೆಯನ್ನು 1984ರಲ್ಲಿ ಕಂಡರು. ಇದನ್ನು ಓದಿದಾಗ ನನಗೆ ಇಳಕಲ್ಲಿನ ಮಗ್ಗವೇ ಕಣ್ಣ ಮುಂದೆ ಬಂದಿತು.

ಇನ್ನು ಆ ಪ್ರೋಟೀನುಗಳಲ್ಲಿ ಯಾವುದಕ್ಕೆ ಯಾವ ಕೆಲಸ? ಇವುಗಳಿಗೇ ಸ್ಪ್ಲೈಸಿಂಗ್ ಫ್ಯಾಕ್ಟರುಗಳೆಂದು ಹೆಸರು. ಇದನ್ನು ಬಿಡಿಸುವುದಕ್ಕೆ ಬ್ರೆಡ್ಡನ್ನು ಉಬ್ಬಿಸುವ ಯೀಸ್ಟು ನೆರವಿಗೆ ಬಂದಿತು. ಸೆಕೆಯಲ್ಲಿ ಕೆಡುವ ಯೀಸ್ಟಿನ ತಳಿಗಳನ್ನು ಹುಡುಕುವುದು, ಕೆಟ್ಟಾಗ ಕೂಡಿಕೆಯ ಯಾವ ಹೆಜ್ಜೆ ನಿಂತಿತೆಂದು ನೋಡುವುದು. ಮಗ್ಗದ ಒಂದೊಂದೇ ಗೂಟವನ್ನು ಕಿತ್ತು ಏನು ನಿಲ್ಲುತ್ತದೆಂದು ನೋಡಿದ ಹಾಗೆ. ಈ ಚರಿತ್ರೆಯಲ್ಲಿ ನಮ್ಮ ನಾಡಿನ ಒಂದು ಸಂಸ್ಥೆಯ ಪಾಲಿದೆ ಎಂಬುದನ್ನು ಅಭಿಮಾನದಿಂದ ಹೇಳುತ್ತೇನೆ. ಅಮೇರಿಕದ ಕ್ಯಾಲ್‌ಟೆಕ್‌ನಲ್ಲಿ ಜಾನ್ ಏಬಲ್ಸನ್ ಅವರ ಪ್ರಯೋಗಾಲಯದಲ್ಲಿ ಇಂಥ ತಳಿಗಳ ಒಂದು ಹೊಸ ಸರಣಿಯನ್ನೇ ಹೊರತೆಗೆದು 1989ರಲ್ಲಿ ಪ್ರಕಟಿಸಿದವರಲ್ಲಿ ಮೊದಲಿಗರು ಉಷಾ ವಿಜಯರಾಘವನ್. ತರುವಾಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅದೇ ಕೆಲಸವನ್ನು ಮುಂದುವರಿಸಿದರು. ಪಿ.ಆರ್.ಪಿ. ಹದಿನೇಳು ಎಂಬ ಫ್ಯಾಕ್ಟರು ಎರಡನೆಯ ಹೆಜ್ಜೆಗೆ ಬೇಕಾದುದು. ಅದು ಎಲ್ಲ ಇಂಟ್ರಾನುಗಳಿಗೂ ಸಮನಾಗಿ ಬೇಕಾಗಿಲ್ಲ, ಕೆಲವಕ್ಕೆ ಅದಿಲ್ಲದೆ ನಡೆಯದು, ಕೆಲವಕ್ಕೆ ನಡೆಯುತ್ತದೆ, ಇದನ್ನು ಇಂಟ್ರಾನಿನ ಸ್ವರೂಪವೇ ನಿರ್ಧರಿಸುತ್ತದೆ ಎಂದು ಅವರ ತಂಡ 2004ರಲ್ಲಿ ತೋರಿಸಿತು. ಮೇಲುನೋಟಕ್ಕೆ ಸಣ್ಣ ಮಾತು. ಆದರೆ ಕೂಡಿಸುವ ಕೈ ಎಲ್ಲ ಬರಹಕ್ಕೂ ಒಂದೇ ರೀತಿ ದುಡಿಯುವ ಯಂತ್ರವಲ್ಲ, ಬರಹವನ್ನು ನೋಡಿ ನಡೆಯುತ್ತದೆ ಎಂಬುದು ಅದರಿಂದ ಹೊರಡುತ್ತದೆ.

ಹಾಗೆ ನೋಡಿ ನಡೆಯುವುದರಿಂದಲೇ ಒಂದು ಬರಹಕ್ಕೆ ಅನೇಕ ಅರ್ಥಗಳು ಬರುತ್ತವೆ. ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ “ಮರಳಿಲ್ಲ” ಎಂದು ಬರೆದು ಬಿಡಿಸಿರಿ ಎನ್ನುತ್ತೇನೆ. ಮರಳು, ಇಲ್ಲ ಎಂದು ಬಿಡಿಸಿದವನಿಗೆ ಹಳ್ಳದಲ್ಲಿ ಉಸುಕಿಲ್ಲ. ಮರಳಿ, ಇಲ್ಲ ಎಂದು ಬಿಡಿಸಿದವನಿಗೆ ಹೋದವನು ತಿರುಗಿ ಬಂದಿಲ್ಲ. ಅಕ್ಷರಗಳು ಅವೇ. ನಮ್ಮ ಆಲಂಕಾರಿಕರು ಇದಕ್ಕೆ ಸಭಂಗ ಶ್ಲೇಷ ಎನ್ನುತ್ತಾರೆ. ದೇಹದಲ್ಲಿ ಇಂಥ ಶ್ಲೇಷಕ್ಕೆ ಒಳ್ಳೆಯ ಉದಾಹರಣೆ 1982ರಲ್ಲಿ ಸಿಕ್ಕಿತು. ಒಂದೇ ವಂಶವಾಹಿಯ ಪ್ರತಿಯನ್ನು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಒಂದು ರೀತಿ ಕೂಡಿಸಿ, ಸುಣ್ಣದ ಅಂಶವನ್ನು ಹತೋಟಿಯಲ್ಲಿಡುವ ಕ್ಯಾಲ್ಸಿಟೋನಿನ್ ಮಾಡಿಕೊಳ್ಳುತ್ತದೆ. ನರಕೋಶ ಇನ್ನೊಂದು ರೀತಿ ಕೂಡಿಸಿ ರಕ್ತನಾಳಗಳನ್ನು ಹಿಗ್ಗಿಸುವ ಬೇರೆಯದೇ ವಸ್ತುವನ್ನು ಮಾಡಿಕೊಳ್ಳುತ್ತದೆ. ಹಣ್ಣಿನ ಮೇಲೆ ಆಡುವ ನುಸಿಯಂಥ ಸಣ್ಣ ನೊಣದ ಒಂದು ವಂಶವಾಹಿಯಿಂದ 38,016 ಬಗೆಯ ಪ್ರತಿಗಳು ಸಾಧ್ಯವೆಂದು 2000ದಲ್ಲಿ ಲೆಕ್ಕಹಾಕಿದರು.

ಯಾವ ಕೋಶದಲ್ಲಿ ಯಾವ ಕೂಡಿಕೆ ಎಂಬುದನ್ನು ನಿರ್ಧರಿಸುವುದೂ ಈ ಫ್ಯಾಕ್ಟರುಗಳೇ. ಇವುಗಳಲ್ಲಿ ಕರೆದು ತರುವವು ಕೆಲವು, ಅಡ್ಡಗಟ್ಟುವವು ಕೆಲವು. ಕರೆದು ತರುವವುಗಳಲ್ಲಿ ಮೊದಲು ಗುರುತಿಗೆ ಬಂದುದು ಎಸ್.ಎಫ್. ಎರಡು, 1990ರಲ್ಲಿ ಏಡ್ರಿಯನ್ ಕ್ರೈನರ್ ಮತ್ತು ಜೇಮ್ಸ್ ಮ್ಯಾನ್ಲಿ ಬೇರೆ ಬೇರೆ ಕಡೆಗಳಲ್ಲಿ ಇದನ್ನು ಕಂಡರು. ಇಂಥವು ಎಕ್ಸಾನಿನ ಮೇಲೆ ಕುಳಿತು, ಕೂಡಿಸುವ ಯಂತ್ರವನ್ನು ಇತ್ತ ಬಾ ಎಂದು ಕೈಮಾಡಿ ಕರೆಯುತ್ತವೆ. ಅಡ್ಡಗಟ್ಟುವವು ಹತ್ತಿರ ಕುಳಿತು ಆ ಎಕ್ಸಾನು ಯಂತ್ರದ ಕಣ್ಣಿಗೆ ಬೀಳದಂತೆ ಮಾಡುತ್ತವೆ. ಯಾವುದು ಎಷ್ಟು ಪ್ರಮಾಣದಲ್ಲಿದೆ ಎಂಬುದರ ಮೇಲೆ ಫಲ. ಮನುಷ್ಯನ ವಂಶವಾಹಿಗಳು ಒಂದು ಲಕ್ಷ ಇರಬಹುದೆಂದು ಮೊದಲು ಎಣಿಸಿದ್ದವರು ಕಡೆಗೆ ಸುಮಾರು 20,000ಕ್ಕೆ ಇಳಿಯಬೇಕಾಯಿತು. ಒಂದು ಯಃಕಶ್ಚಿತ್ ಹುಳುವಿಗೂ ಹತ್ತಿರ ಹತ್ತಿರ ಅಷ್ಟೇ ಇವೆ. ನಮ್ಮ ಹೆಚ್ಚುಗಾರಿಕೆಯಲ್ಲಿ ಒಂದು ದೊಡ್ಡ ಪಾಲು ಮೂಲಬರಹದ ಉದ್ದದ್ದಲ್ಲ, ಕೂಡಿಕೆಯದು.

ಈಗ ಚೀಟಿಗೆ ಬರೋಣ. ರಕ್ತಕ್ಕೆ ಕೆಂಪು ಬಣ್ಣ ಕೊಟ್ಟು ಉಸಿರನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಎಂಬ ಒಂದು ಸರಪಳಿಯಿದೆ. ಅದರ ವಂಶವಾಹಿ ಸುಮಾರು 1,600 ಅಕ್ಷರಗಳಷ್ಟು ಉದ್ದ. ಮೂರು ಎಕ್ಸಾನು, ಎರಡು ಇಂಟ್ರಾನು. ಮೊದಲ ಇಂಟ್ರಾನಿಗೆ 130 ಅಕ್ಷರ, ಎರಡನೆಯದಕ್ಕೆ 850. ಐ.ವಿ.ಎಸ್. ಎಂದರೆ ನಡುವೆ ಬಂದ ಬರಹ, ಇಂಟ್ರಾನಿಗೇ ಇನ್ನೊಂದು ಹೆಸರು. ಹಾಗಾದರೆ ಆ ಸಾಲಿನ ಅರ್ಥ: ಮೊದಲ ಇಂಟ್ರಾನಿನ ಐದನೆಯ ಅಕ್ಷರ ಜಿ ಇರಬೇಕಾದದ್ದು ಸಿ ಆಗಿದೆ. ಸಿದ್ಧವಾದ ಪ್ರತಿಯಲ್ಲಿ ಆ ಅಕ್ಷರ ಉಳಿಯುವುದೇ ಇಲ್ಲ, ಲೋಪವಾಗಿ ಹೋಗುವಂಥದು. ಆದರೂ ಅದೇ ಕೇಡಿಗೆ ಮೂಲ. ಯು-ಒಂದು ಬಂದು ಕೀಲಿ ಕೂಡಿಸುವ ಜಾಗ ಅದು. ಒಂದು ಹಲ್ಲು ಮುರಿದ ಬೀಗದಂತಾಗಿ ಹಿಡಿತ ಸಡಿಲವಾಗುತ್ತದೆ. ಆಗ ಯಂತ್ರ ಅಕ್ಕಪಕ್ಕದಲ್ಲಿ ಸರಿಯಾದುದನ್ನೇ ಹೋಲುವ ಮೂರು ಸುಳ್ಳು ಗುರುತುಗಳನ್ನು ಹಿಡಿದು ಅಲ್ಲಲ್ಲಿ ಕತ್ತರಿಸುತ್ತದೆ. ಎಕ್ಸಾನೊಂದು ಎಲ್ಲಿಯೋ ಕತ್ತರಿಸಿ ಎಲ್ಲಿಗೋ ಕೂಡುತ್ತದೆ. ಅಂಥ ಪ್ರತಿಯಿಂದ ಬೀಟಾ ಸರಪಳಿ ಆಗುವುದಿಲ್ಲ. ಅಪರೂಪಕ್ಕೆ ಕೆಲವು ಪ್ರತಿಗಳು ಸರಿಯಾಗಿ ಕೂಡಿ ಬರುತ್ತವೆ, ಆದರೆ ಅವು ಬದುಕಿಗೆ ಸಾಲವು.

ಭಾರತದಲ್ಲಿ ಥಲಸ್ಸೀಮಿಯಾದ ರೋಗಿಯನ್ನು ಮೊದಲು ವರ್ಣಿಸಿದ್ದು 1938ರಲ್ಲಿ, ಕಲಕತ್ತೆಯಲ್ಲಿ. ಭಾರತೀಯರ ಬೀಟಾ ವಂಶವಾಹಿಯ ದೋಷಗಳನ್ನು ಅಕ್ಷರದ ಮಟ್ಟದಲ್ಲಿ ಗುರುತಿಸಿದ್ದು 1984ರಲ್ಲಿ, ಹೇಗ್ ಕಜಾಜಿಯನ್ ಮತ್ತು ಸಂಗಡಿಗರು. ಈ ಐದನೆಯ ಅಕ್ಷರದ ದೋಷವೇ ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವುದು.

ಕೂಡಿಕೆ ಕೆಟ್ಟರೆ ಅದನ್ನು ಸರಿಪಡಿಸಬಹುದೆ? 1993ರಲ್ಲಿ ಅಮೇರಿಕದ ರೈಜಾರ್ಡ್ ಕೋಲೆ ಮತ್ತು ಜ್ಬಿಗ್ನಿಯೆವ್ ಡೊಮಿನ್ಸ್ಕಿ ಪ್ರಯೋಗಾಲಯದಲ್ಲಿ ಒಂದು ಯುಕ್ತಿ ತೋರಿಸಿದರು. ಸುಳ್ಳು ಗುರುತಿಗೆ ಸರಿಹೊಂದುವ ಒಂದು ಸಣ್ಣ ಎಳೆಯನ್ನು ಮಾಡಿ ಅದರ ಮೇಲೆ ತೇಪೆಯಂತೆ ಅಂಟಿಸಿದರೆ, ಯಂತ್ರ ಮತ್ತೆ ನಿಜವಾದ ಗುರುತಿಗೇ ಬರುತ್ತದೆ. ಅವರು ಹಿಡಿದುದು ಥಲಸ್ಸೀಮಿಯಾದ ವಂಶವಾಹಿಯನ್ನೇ. ಆದರೆ ಈ ಯುಕ್ತಿ ದೊಡ್ಡ ಮದ್ದಾಗಿ ಹಣ್ಣಾದುದು ಬೇರೊಂದು ರೋಗದಲ್ಲಿ. ಬೆನ್ನುಹುರಿಯ ನರಗಳು ಸತ್ತು ಕೂಸಿನ ಸ್ನಾಯುಗಳು ಸೊರಗುವ ಎಸ್.ಎಂ.ಎ. ಎಂಬ ರೋಗದಲ್ಲಿ, ಕೆಟ್ಟ ವಂಶವಾಹಿಗೆ ಬದಲಾಗಿ ದೇಹದಲ್ಲಿ ಇನ್ನೊಂದು ವಂಶವಾಹಿ ಇರುತ್ತದೆ. ಅದರ ಏಳನೆಯ ಎಕ್ಸಾನಿನಲ್ಲಿ ಒಂದು ಅಕ್ಷರ ಬೇರೆಯಾದುದರಿಂದ ಆ ಎಕ್ಸಾನು ಬಹಳ ಮಾಡಿ ಕೂಡಿಕೆಯಲ್ಲಿ ಬಿಟ್ಟುಹೋಗುತ್ತದೆ. ಎಸ್.ಎಫ್. ಎರಡನ್ನು ಕಂಡ ಅದೇ ಕ್ರೈನರ್, ಅಡ್ಡಗಟ್ಟುವ ಫ್ಯಾಕ್ಟರು ಕೂಡುವ ಜಾಗಕ್ಕೇ ತೇಪೆ ಹಾಕುವ ಮದ್ದನ್ನು ಸಿದ್ಧಪಡಿಸುವುದರಲ್ಲಿ ಮುಂದಾದರು. ನುಸಿನರ್ಸೆನ್ ಎಂಬ ಆ ಮದ್ದಿಗೆ 2016ರ ಡಿಸೆಂಬರಿನಲ್ಲಿ ಅಮೇರಿಕದಲ್ಲಿ ಅನುಮತಿ ಸಿಕ್ಕಿತು. ಥಲಸ್ಸೀಮಿಯಾಕ್ಕೆ ಈ ದಾರಿಯ ಮದ್ದು ಇನ್ನೂ ಆಸ್ಪತ್ರೆಯ ಬಾಗಿಲಿಗೆ ಬಂದಿಲ್ಲ. ರಕ್ತ ಹಾಕಿಸುವುದು, ರಕ್ತದೊಡನೆ ಸೇರಿ ಉಳಿಯುವ ಕಬ್ಬಿಣವನ್ನು ಔಷಧದಿಂದ ಹೊರಹಾಕುವುದು, ಹೊಂದಿಕೆಯಾಗುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆಯ ಕಸಿ. ಇವೇ ಸದ್ಯದ ಮುಖ್ಯ ದಾರಿಗಳು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಥಲಸ್ಸೀಮಿಯಾವನ್ನೂ ಸೇರಿಸಿದ್ದಾರೆ ಎಂಬುದು ಹೆತ್ತವರಿಗೆ ಗೊತ್ತಿರಬೇಕಾದ ಸಂಗತಿ.

ಇಷ್ಟನ್ನು ಕಟ್ಟಿಕೊಂಡು ಮತ್ತೆ ಇಳಕಲ್ಲಿಗೆ ಹೋದೆ. ವಿದ್ಯಾರ್ಥಿ ಮಗ್ಗ ನಿಲ್ಲಿಸಿ ಕೇಳಿದ. ಪ್ರತಿಯೊಬ್ಬರಲ್ಲೂ ಬೀಟಾ ವಂಶವಾಹಿ ಎರಡೆರಡು, ತಂದೆಯದೊಂದು ತಾಯಿಯದೊಂದು. ಒಂದು ಕೆಟ್ಟಿದ್ದು ಒಂದು ಸರಿಯಿದ್ದರೆ ಆಳು ಗಟ್ಟಿಯಾಗಿಯೇ ಇರುತ್ತಾನೆ, ಅವನಿಗೆ ಗೊತ್ತೂ ಆಗುವುದಿಲ್ಲ. ಅಂಥ ಇಬ್ಬರು ಗಂಡಹೆಂಡಿರಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಕೂಸಿಗೆ ಎರಡೂ ಕೆಟ್ಟವೇ ಬರುವ ಸಂಭವ. “ಅಂದ್ರ ಅರ್ಧ ನಂದು, ಅರ್ಧ ಅಕಿದು” ಎಂದ. ಹೌದೆಂದೆ. ಅವನ ತಾಯಿಯ ಕಡೆಗೆ ತಿರುಗಿ, “ನಿಮ್ಮ ಸೊಸಿ ಯಾರ ಮಗಳು, ಅವ್ವಾರ?” ಎಂದು ಕೇಳಿದೆ. “ನಮ್ಮ ಯಜಮಾನರ ತಂಗಿ ಮಗಳು” ಎಂದಳು. “ಹಂಗಾದ್ರ ನಿಮ್ಮ ಯಜಮಾನರಿಗೂ ಅವರ ತಂಗಿಗೂ ತಂದಿ ತಾಯಿ ಒಬ್ಬರ. ಆ ಅಕ್ಷರ ಬಹುತೇಕ ಅಲ್ಲಿಂದ ಎರಡೂ ಕಡಿಗೆ ಇಳದು ಬಂದದ್ದು. ಹಾಸು ಎರಡು, ನೂಲು ಒಂದ ಮನಿದು.” ಮುದುಕಿ ಮಾತಾಡಲಿಲ್ಲ. ಸೊಸೆ ಆ ದಿನ ಚಹಾ ತಂದಾಗ, ಅತ್ತೆ ಕೂಸನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು.

ವಿದ್ಯಾರ್ಥಿಯ ತಮ್ಮನಿಗೆ ಸೋದರಮಾವನ ಮಗಳನ್ನು ನೋಡಿದ್ದರು. ಹಿಮೋಗ್ಲೋಬಿನ್ ಎ-ಎರಡು ಎಂಬುದರ ಪ್ರಮಾಣ ಹೆಚ್ಚಿದೆಯೋ ಎಂದು ನೋಡುವ ಒಂದು ರಕ್ತಪರೀಕ್ಷೆಯಿಂದ, ಗಟ್ಟಿಯಾಗಿದ್ದೂ ಆ ದೋಷವನ್ನು ಹೊತ್ತವರು ಯಾರೆಂದು ತಿಳಿಯಬಹುದು ಎಂದು ಹೇಳಿ ಬಂದಿದ್ದೆ. ಹೋದ ವಾರ ಫೋನು ಮಾಡಿದ್ದ. ಮುದುಕಿಯೇ ಮುಂದಾಗಿ ತನ್ನ ಅಣ್ಣನ ಮನೆಗೆ ಹೋಗಿ ಮಾತಾಡಿದಳಂತೆ. ಹುಡುಗ ಹುಡುಗಿ ಇಬ್ಬರ ರಕ್ತವನ್ನೂ ಬಾಗಲಕೋಟೆಯಲ್ಲಿ ಕೊಟ್ಟು ಬಂದಿದ್ದಾರೆ. ಚೀಟಿ ಸೋಮವಾರ ಬರುತ್ತದೆ.